ಗೋಡೆಗೆ ಹೇಳಿದ ಪಾಠ

ಮಾರ್ಚ್ ೩

ಮಗಳೇ,

ನಿನ್ನನ್ನು ಹಾಸ್ಟೆಲಿನಲ್ಲಿ ಬಿಟ್ಟು ಬಸ್ಸು ಹತ್ತಿದವಳಿಗೆ ಕಾಲು ಸುಮ್ಮನಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ನೋಡಿ ನೋಡಿ ಸಾಕಾಗಿ, "ಯಾಕಮ್ಮಾ, ಹೊಲಿಗೆ ಮಷೀನ್ ತುಳೀತಿದೀರಾ?" ಅಂದಳು. ಮನೆಗೆ ಬಂದ ಮೇಲೂ ಅದೇ. ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡುಗೆಮನೆಗೆ. ನಿಮ್ಮಪ್ಪ ಶೆಡ್ಡಿನಲ್ಲಿ ಯಾರದೋ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದವರು ತಲೆ ಎತ್ತದೆಯೇ, "ಕೂತ್ಕೊಳ್ಳೇ, ನೆಲ ಸವೆಯುತ್ತೆ" ಅಂದರು.

ಫೋನ್ ಮಾಡಬೇಡ ಎಂದು ನೀನು ಹೇಳಿದ್ದನ್ನು ಪಾಲಿಸುತ್ತೇನೆ. ನೀನು ಓದುತ್ತಿದ್ದ ಆ ಯುದ್ಧದ ಊರಿನಲ್ಲಿ ಫೋನು ಎಚ್ಚರಿಕೆಯ ಸದ್ದು ಮಾಡಿದಾಗಲೆಲ್ಲ ನೆಲಮಾಳಿಗೆಗೆ ಓಡಿದವಳು ನೀನು. ಇಲ್ಲಿ ಎದುರುಮನೆಯವರ ಫೋನು ರಿಂಗಾದರೂ ನಿನ್ನ ಕೈಯ ಲೋಟ ಅಲುಗುವುದನ್ನು ನೋಡಿದ್ದೇನೆ. ಫೋನು ಆಫ್ ಇರಲಿ. ಫೋನಿನಲ್ಲಿ ನಾವಿಬ್ಬರೂ ಜಗಳ ಬಿಟ್ಟು ಬೇರೇನು ಆಡಿದ್ದೇವೆ ಹೇಳು? ಕಾಗದವೇ ಮೇಲು. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಆದರೆ ನಿಮ್ಮ ಕಾಲೇಜಿನ ಆದೇಶವನ್ನು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. "ಯುದ್ಧದ ಕಾರಣ ಮರಳಿ ಬಂದ ಪಶುವೈದ್ಯ ವಿದ್ಯಾರ್ಥಿಗಳು ಅತಿಥಿಗಳಾಗಿ ತರಗತಿಯಲ್ಲಿ ಕೂರಬಹುದು, ಚಿಕಿತ್ಸೆಯನ್ನು ನೋಡಬಹುದು. ಪ್ರಾಣಿಗಳನ್ನು ಮುಟ್ಟತಕ್ಕದ್ದಲ್ಲ." ಅತಿಥಿಗಳಂತೆ! ಮನೆಗೆ ಕರೆದು, ಎಲೆ ಹಾಕಿ, ಕೈ ಕಟ್ಟಿ ಕೂರಿಸುವುದಕ್ಕೆ ಆತಿಥ್ಯ ಎಂದು ಹೆಸರು. ನೀವು ಅಜ್ಜಿ ಮೇಡಂ ಎನ್ನುವ ಅಲ್ಲಿಯ ಪ್ರೊಫೆಸರು, ಪಾಪ, ಬಾಂಬು ಬೀಳುವ ಊರಿನ ನೆಲಮಾಳಿಗೆಯಿಂದಲೇ ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಿದ್ದಾರೆ. ಆಕೆ ಕೇಳುತ್ತಿರುವುದಾದರೂ ಏನು? ಕೊನೆಯ ವರ್ಷದ ಕೈಕೆಲಸವನ್ನು ಒಬ್ಬ ನುರಿತ ಪಶುವೈದ್ಯರ ಕಣ್ಣೆದುರು ಮುಗಿಸಿ, ಅವರ ರುಜು ತಂದರೆ ಅಕ್ಟೋಬರಿನಲ್ಲಿ ಪರೀಕ್ಷೆ ಮಾಡಿ ಡಿಗ್ರಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಬಾಂಬಿನ ಕೆಳಗೆ ಕೂತವರು ಇಷ್ಟು ಸರಳವಾಗಿ ಮಾತಾಡುತ್ತಾರೆ. ಫ್ಯಾನಿನ ಕೆಳಗೆ ಕೂತ ನಮ್ಮವರಿಗೆ ಅದು ಬರುವುದಿಲ್ಲ.

ನನಗೆ ನೆನಪಿದೆ. ನಾನು ಕಾಲೇಜಿನಲ್ಲಿದ್ದಾಗ ಗಡಿಯಾಚೆ ಗುಂಡು ಹಾರಿ, ಓದು ಅರ್ಧಕ್ಕೆ ಬಿಟ್ಟು ಬಂದವರನ್ನು ನಮ್ಮ ಪ್ರಿನ್ಸಿಪಾಲರು ಯಾವ ಆದೇಶವನ್ನೂ ಕಾಯದೆ ಒಳಗೆ ಕರೆದರು. ಬೆಂಚು ಸಾಲದಾಯಿತು, ಬೆಂಚು ಹಾಕಿಸಿದರು. ಅಷ್ಟೇ ನಡೆದದ್ದು. ನನ್ನ ಪಕ್ಕ ಕೂತವಳು ಪಾಸಾಗಿ ಹೋದಳು. ಆಕಾಶ ಕಳಚಿ ಬೀಳಲಿಲ್ಲ.

ಹಸು ಎದುರಿಗೆ ಬಂದರೆ ಬೀದಿಯ ಆ ಬದಿಗೆ ಹೋಗುವ ನನ್ನ ಹೊಟ್ಟೆಯಲ್ಲಿ ನೀನು ಹೇಗೆ ಹುಟ್ಟಿದೆಯೋ ಗೊತ್ತಿಲ್ಲ. ಹುಟ್ಟಿದ್ದೀಯ. ಇನ್ನು ಬಿಡುವುದಿಲ್ಲ. ಸ್ವೆಟರು ಪೆಟ್ಟಿಗೆಯ ತಳದಲ್ಲಿದೆ, ಹುಡುಕು.

ನಿನ್ನ ಅಮ್ಮ


ಮಾರ್ಚ್ ೨೧

ಅಮ್ಮಾ,

ಸ್ವೆಟರು ಸಿಕ್ಕಿತು. ಈಗ ಅದು ಉಪಯೋಗಕ್ಕೆ ಬರುತ್ತಿರುವುದು ಚಳಿಗಲ್ಲ. ಕೊಟ್ಟಿಗೆಯಲ್ಲಿ ನಿಂತಾಗ ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು, ಹಾಗೆ ಕಟ್ಟಿದ ಕೈ ಸುಮ್ಮನಿರುವುದಿಲ್ಲ. ಬೆನ್ನ ಹಿಂದೆ ಸ್ವೆಟರಿನ ಅಂಚನ್ನು ಎಳೆದೆಳೆದು ದಾರ ಬಿಚ್ಚಿ ಹಾಕಿದ್ದೇನೆ. ಬಯ್ಯಬೇಡ.

ಇಲ್ಲಿ ನಮ್ಮದು ಪುಟ್ಟ ಗುಂಪು. ಉದ್ದ ಕಾಲಿನವನೊಬ್ಬನಿದ್ದಾನೆ, ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ನಾನೂ ಅವನೂ ಅಲ್ಲಿ ಒಂದೇ ನೆಲಮಾಳಿಗೆಯಲ್ಲಿದ್ದವರು, ಒಂದೇ ರೈಲಿನಲ್ಲಿ ನಿಂತುಕೊಂಡು ಬಂದವರು. ಆ ರೈಲಿನ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ. ಇಲ್ಲಿಯ ವಿದ್ಯಾರ್ಥಿಗಳು ಕೆಟ್ಟವರಲ್ಲ. ಹಸುವಿನ ಹೊಟ್ಟೆಗೆ ಕಿವಿ ಕೊಟ್ಟು ಕೇಳಿ ಬಂದು, "ಗುಡುಗುಡು ಅಂತಿತ್ತು" ಎಂದು ನಮಗೆ ಹೇಳುತ್ತಾರೆ. ಊಟ ಮಾಡಿ ಬಂದವರು ರುಚಿ ಹೇಳಿದ ಹಾಗೆ.

ನಿನಗೆ ಹೇಗೆ ವಿವರಿಸಲಿ? ಹಸುವಿನ ಎಡ ಪಕ್ಕೆಯಲ್ಲಿ, ಕೊನೆಯ ಎಲುಬಿನ ಹಿಂದೆ ಒಂದು ತಗ್ಗಿದೆ. ಅಲ್ಲಿ ಮುಷ್ಟಿ ಒತ್ತಿಟ್ಟು ಕಾಯಬೇಕು. ಸ್ವಲ್ಪ ಹೊತ್ತಿಗೆ ಒಳಗೆ ಒಂದು ಅಲೆ ಎದ್ದು ಮುಷ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ಆ ಅಲೆ ಸರಿಯಾಗಿ ಬರುತ್ತಿದ್ದರೆ ಹಸು ಕ್ಷೇಮ. ಅದನ್ನು ನೋಡಿ ಕಲಿಯುವುದು ಹೇಗೆ? ಹೊರಗೆ ಏನೂ ಕಾಣುವುದಿಲ್ಲ.

ಆದರೂ ಒಂದು ಸಂಗತಿ ನಡೆಯುತ್ತಿದೆ. ಇದು ನಿನಗೊಬ್ಬಳಿಗೆ.

ಶಸ್ತ್ರಚಿಕಿತ್ಸೆಯ ಮೇಷ್ಟ್ರು ಹಿಂದಿನ ವಾರ ನಮ್ಮನ್ನು ಕರೆದು, "ಬೆಳಿಗ್ಗೆ ಆಫೀಸು ತೆಗೆಯೋಕೆ ಮುಂಚೆ ಹಿಂದಿನ ಕೊಟ್ಟಿಗೆಗೆ ಬನ್ನಿ. ನಾನು ಅಲ್ಲಿ ಗೋಡೆ ನೋಡೋಕೆ ಹೋಗ್ತೀನಿ" ಅಂದರು. ನಮಗೆ ಅರ್ಥವಾಗಲಿಲ್ಲ. ಹೋದೆವು. ಮುದುಕಿ ಎಂದು ಕರೆಯುವ ಹಳೆಯ ಕುದುರೆಯೊಂದು ಕಟ್ಟಿತ್ತು. ಮೇಷ್ಟ್ರು ನಮಗೂ ಕುದುರೆಗೂ ಬೆನ್ನು ಹಾಕಿ, ಸುಣ್ಣ ಬಳಿದ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಶುರುಮಾಡಿದರು. "ಏ ಗೋಡೆ, ಕೇಳಿಸ್ಕೋ. ಕುತ್ತಿಗೆ ಮೇಲೆ ಕೈ ಇಡು. ಅಲ್ಲಿಂದ ಬೆನ್ನು, ಬೆನ್ನಿಂದ ತೊಡೆ. ಕೈ ಎತ್ತಬೇಡ. ಕೈ ಎತ್ತಿದ್ಯೋ, ನೀನು ಎಲ್ಲಿದೀಯ ಅಂತ ಅದಕ್ಕೆ ಗೊತ್ತಾಗಲ್ಲ, ಒದೆಯುತ್ತೆ. ಒದ್ರೆ ನಾನು ನೋಡಿಲ್ಲ."

ಅಮ್ಮಾ, ಅಷ್ಟು ದಿನದ ಮೇಲೆ ನಾನು ಒಂದು ಜೀವವನ್ನು ಮುಟ್ಟಿದೆ. ಬಿಸಿಯಿತ್ತು. ಕೊಕ್ಕರೆ ಕುದುರೆಯ ಕುತ್ತಿಗೆಗೆ ಹಣೆ ಆನಿಸಿ ನಿಂತುಬಿಟ್ಟ. ಮೇಷ್ಟ್ರು ತಿರುಗದೆಯೇ, "ಗೋಡೆ ಅಳ್ತಾ ಇದ್ರೆ ಸುಣ್ಣ ಕರಗುತ್ತೆ, ಬೇಗ ಮುಗಿಸಲಿ" ಅಂದರು.

ಕೊನೆಗೆ ತಮ್ಮ ಹೆಸರಿನಲ್ಲೇ ರುಜು ಹಾಕಿಕೊಡುತ್ತಾರಂತೆ. ಕಾಲೇಜಿನ ಹೆಸರು ಬರುವುದಿಲ್ಲ. ಅಪ್ಪನಿಗೆ ಹೇಳು, ಕೈ ಸರಿಯಿದೆ ಅಂತ.

ನಿನ್ನ ಮಗಳು


ಏಪ್ರಿಲ್ ೨

ಮಗಳೇ,

ನಿನ್ನ ಕಾಗದವನ್ನು ನಿಂತು ಓದಿದೆ, ಕೂತು ಓದಿದೆ, ನಿಮ್ಮಪ್ಪನಿಗೆ ಪಂಪಿನ ಸದ್ದು ನಿಲ್ಲಿಸಿ ಓದಿ ಹೇಳಿದೆ. ಅವರು ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಒಳ್ಳೇ ಮನುಷ್ಯ" ಅಂದರು. ಅವರ ಬಾಯಿಂದ ಅಷ್ಟು ಬಂದರೆ ಬೇರೆಯವರು ಹಾರ ಹಾಕಿದ ಹಾಗೆ.

ನನಗೆ ಮಾತ್ರ ಖುಷಿಯ ಹಿಂದೆಯೇ ಸಿಟ್ಟು ಬಂತು. ಒಬ್ಬ ಮೇಷ್ಟ್ರು ಪಾಠ ಮಾಡಬೇಕಾದರೆ ಗೋಡೆಗೆ ಮುಖ ಮಾಡಿ ನಿಲ್ಲಬೇಕೆ? ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಪುಸ್ತಕ ಸುಟ್ಟವರ ಬಗ್ಗೆ, ಪಾಠಶಾಲೆ ಮುಚ್ಚಿದವರ ಬಗ್ಗೆ ಮಕ್ಕಳಿಗೆ ಹೇಳುವಾಗ, ಅವರೆಲ್ಲ ಮೀಸೆ ಹೊತ್ತ ದೊಡ್ಡ ದುಷ್ಟರು ಎಂದುಕೊಂಡಿದ್ದೆ. ಅಲ್ಲ. ಅವರು ಮೇಜಿನ ಹಿಂದೆ ಕೂತು "ತಕ್ಕದ್ದಲ್ಲ" ಎಂದು ಬರೆಯುವವರು.

ಮೊನ್ನೆ ಹಾಲಿನಾಕೆ ಕೇಳಿದಳು: "ಏನ್ ಟೀಚರ್, ಮಗಳು ಡಾಕ್ಟ್ರಾದ್ಲಾ?" ಆಗುತ್ತಾಳೆ ಅಂದೆ. "ಬೇಗ ಆಗಕ್ಕೆ ಹೇಳಿ, ನನ್ನ ಕೆಂಪಿ ಮೇವು ಬಿಟ್ಟಿದೆ" ಅಂದಳು. ನೋಡು, ಇಲ್ಲಿ ಪ್ರಾಣಿಗಳು ಕಾಯುತ್ತಿವೆ, ಅಲ್ಲಿ ನೀವು ಕಾಯುತ್ತಿದ್ದೀರಿ. ನಡುವೆ ಒಂದು ಆದೇಶ.

ನನಗೆ ಸುಮ್ಮನಿರಲು ಬರುವುದಿಲ್ಲ. ನಿನಗೂ ಗೊತ್ತು.

ನಿನ್ನ ಅಮ್ಮ


ಮೇ ೬

ಮಗಳೇ,

ಇದರೊಳಗೆ ಪತ್ರಿಕೆಯ ತುಣುಕೊಂದಿದೆ. ಸಂಪಾದಕರು ನನ್ನ ಪತ್ರದ ಒಂದಕ್ಷರವನ್ನೂ ಕತ್ತರಿಸಿಲ್ಲ. ವಾಚಕರ ಪುಟದ ನೆತ್ತಿಯ ಮೇಲೆ, ಚೌಕಟ್ಟು ಕಟ್ಟಿ ಹಾಕಿದ್ದಾರೆ. ನಮ್ಮ ಬೀದಿಯಲ್ಲಿ ಎಲ್ಲರೂ ಓದಿದರು. ಔಷಧಿ ಅಂಗಡಿಯವನಂತೂ ಗಾಜಿಗೆ ಅಂಟಿಸಿದ್ದಾನೆ.

"...ಯುದ್ಧ ಕಸಿದದ್ದು ಅವರ ತರಗತಿಯನ್ನು, ನಾವು ಕಸಿಯುತ್ತಿರುವುದು ಅವರ ಕೈಗಳನ್ನು. ಆದರೂ ಈ ನಾಡಿನಲ್ಲಿ ಮೇಷ್ಟ್ರುಗಳು ಇನ್ನೂ ಇದ್ದಾರೆ. ಒಂದು ಪಶುವೈದ್ಯ ಕಾಲೇಜಿನಲ್ಲಿ ಒಬ್ಬರು ಪ್ರತಿ ಬೆಳಿಗ್ಗೆ ಆಫೀಸು ತೆರೆಯುವ ಮುನ್ನ ಗೋಡೆಗೆ ಮುಖ ಮಾಡಿ ನಿಂತು ಪಾಠ ಹೇಳುತ್ತಾರೆ. ಅವರ ಬೆನ್ನ ಹಿಂದೆ, ಮುಟ್ಟಬಾರದವರು ಮುಟ್ಟಿ ಕಲಿಯುತ್ತಾರೆ. ನಾಚಬೇಕಾದದ್ದು ಆ ಗೋಡೆಯಲ್ಲ..."

ಹೇಗಿದೆ? ಯಾರ ಹೆಸರನ್ನೂ ಹಾಕಿಲ್ಲ, ಕಾಲೇಜಿನ ಹೆಸರನ್ನೂ ಹಾಕಿಲ್ಲ. ಅಷ್ಟು ಬುದ್ಧಿ ನಿಮ್ಮಮ್ಮನಿಗಿದೆ. ಇನ್ನು ಆದೇಶ ಹಿಂದಕ್ಕೆ ತೆಗೆಯದೆ ಅವರಿಗೆ ಬೇರೆ ದಾರಿಯಿಲ್ಲ, ನೋಡುತ್ತಿರು. ನಿಮ್ಮಪ್ಪ ಮಾತ್ರ ಓದಿ, "ಗೋಡೆ ವಿಷಯ ಬೇಕಿತ್ತಾ?" ಅಂದರು. ಅದಿಲ್ಲದೆ ಪತ್ರಕ್ಕೆ ಜೀವವೆಲ್ಲಿ ಬರುತ್ತಿತ್ತು?

ನಿನ್ನ ಅಮ್ಮ


ಮೇ ೧೩

ಅಮ್ಮ,

ಗೋಡೆಗೆ ಪಾಠ ಹೇಳುವ ಮೇಷ್ಟ್ರು ಈ ದೇಶದಲ್ಲಿ ಎಷ್ಟು ಜನ ಇದ್ದಾರೆ ಅಂದುಕೊಂಡೆ?

ತುಣುಕು ನಿನ್ನ ಕಾಗದಕ್ಕಿಂತ ಮುಂಚೆಯೇ ಪ್ರಿನ್ಸಿಪಾಲರ ಮೇಜಿಗೆ ಬಂದಿತ್ತು. ಹಿಂದಿನ ಕೊಟ್ಟಿಗೆಗೆ ಬೀಗ ಬಿದ್ದಿದೆ. ಮೇಷ್ಟ್ರನ್ನು ಕೆಲಸದಿಂದ ದೂರವಿಟ್ಟು ವಿಚಾರಣೆಗೆ ಸಮಿತಿ ಮಾಡಿದ್ದಾರೆ. ಅವರು ತಮ್ಮ ಗಂಬೂಟು ಒಂದು ಚೀಲದಲ್ಲಿ ಹಾಕಿಕೊಂಡು ಗೇಟು ದಾಟುವಾಗ ನಾವು ಎದುರಿಗೇ ಇದ್ದೆವು. ನಮ್ಮನ್ನು ಗುರುತಿಲ್ಲದವರ ಹಾಗೆ ಹೋದರು. ನಮ್ಮ ಒಳ್ಳೆಯದಕ್ಕೆ ಹಾಗೆ ಮಾಡಿದರು ಎಂದು ಕೊಕ್ಕರೆ ಹೇಳುತ್ತಾನೆ.

"ಇದು ನಿನಗೊಬ್ಬಳಿಗೆ" ಎಂದು ಬರೆದಿದ್ದೆ.

ಇನ್ನು ಸ್ವಲ್ಪ ದಿನ ಬರೆಯಬೇಡ.


ಮೇ ೧೯

ಮಗಳೇ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ.

ನಾನು ಹೆಸರು ಹಾಕಿರಲಿಲ್ಲ. ನಿಜ ಬರೆದೆ. ನಿಜ ಬರೆದವರಿಗೆ ಶಿಕ್ಷೆ, ನಿಜ ಮಾಡಿದವರಿಗೂ ಶಿಕ್ಷೆ, ಆದೇಶ ಬರೆದವನಿಗೆ ಕುರ್ಚಿ. ಇದರಲ್ಲಿ ತಪ್ಪು ನನ್ನದೆ? ನ್ಯಾಯ ಎಂಬುದು

ಆ ಸಾಲನ್ನು ಅಲ್ಲಿಗೇ ಬಿಟ್ಟು ಎದ್ದು ಹೋದೆ. ಮುಗಿಸಲಾಗಲಿಲ್ಲ. ಮತ್ತೆ ಬಂದು ಕೂತಿದ್ದೇನೆ. ಔಷಧಿ ಅಂಗಡಿಗೆ ಹೋಗಿ ಆ ತುಣುಕನ್ನು ಕಿತ್ತುಕೊಂಡು ಬಂದೆ. "ಯಾಕ್ ಟೀಚರ್, ಚೆನ್ನಾಗಿತ್ತಲ್ಲ?" ಅಂದ. ಚೆನ್ನಾಗಿತ್ತು. ಅದೇ ಆದದ್ದು. ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಿದೆ, ಯಾರ ಬೆನ್ನು ಕಾಣುತ್ತದೆ ಎಂದು ನೋಡಲಿಲ್ಲ.

ಊಟ ಮಾಡುತ್ತಿದ್ದೀಯ?

ಅಮ್ಮ


ಜೂನ್ ೮

ಮಗೂ,

ನಾನು ಅಪ್ಪ. ಕಾಗದ ಬರೆದು ಅಭ್ಯಾಸವಿಲ್ಲ, ರಿಪೇರಿ ಚೀಟಿ ಬರೆದಷ್ಟೇ ಗೊತ್ತು. ತಪ್ಪಿದ್ದರೆ ನಿಮ್ಮಮ್ಮನಿಗೆ ತೋರಿಸಬೇಡ, ಕೆಂಪು ಪೆನ್ನು ಹಿಡಿದುಬಿಡುತ್ತಾಳೆ.

ವಿಚಾರಣೆ ಸಮಿತಿಯವರು ನಿಮ್ಮಮ್ಮನಿಗೆ ನೋಟೀಸು ಕಳಿಸಿದ್ದಾರೆ. ಬಂದು ಹೇಳಿಕೆ ಕೊಡಬೇಕಂತೆ. ಅಂದಿನಿಂದ ಮನೆಯಲ್ಲಿ ಪಂಪಿಗಿಂತ ಜಾಸ್ತಿ ಅವಳೇ ಓಡುತ್ತಿದ್ದಾಳೆ. ಪಾತ್ರೆ ತೊಳೆದದ್ದನ್ನೇ ತೊಳೆಯುತ್ತಾಳೆ. ಪತ್ರಿಕೆ ಬಂದರೆ ಬಿಚ್ಚುವುದಿಲ್ಲ.

ವಿಷಯ ಹೀಗಿದೆ. ಅವಳು ನಿಜ ಹೇಳಿದರೆ ಮೇಷ್ಟ್ರ ಕೆಲಸ ಹೋಗುತ್ತೆ. ಗೋಡೆ ಕಥೆಯನ್ನು ನಾನೇ ಕಟ್ಟಿದೆ ಅಂತ ಸುಳ್ಳು ಹೇಳಿದರೆ ಅವರು ಉಳಿಯುತ್ತಾರೆ. ಆದರೆ ಆಗ ನೀವು ಯಾವ ಪ್ರಾಣಿಯನ್ನೂ ಮುಟ್ಟೇ ಇಲ್ಲ ಅಂತ ಆಗುತ್ತೆ. ಮುಟ್ಟದ್ದಕ್ಕೆ ಮೇಷ್ಟ್ರು ರುಜು ಹಾಕೋದು ಹೇಗೆ? ನಿಮ್ಮ ಇಷ್ಟು ದಿನದ ಕೆಲಸ ನೀರಲ್ಲಿ ಹೋಗುತ್ತೆ. ಅಕ್ಟೋಬರ್ ದೂರ ಇಲ್ಲ.

ಇದನ್ನು ನಿನ್ನನ್ನು ಕೇಳೋಕೆ ಅವಳಿಗೆ ಧೈರ್ಯ ಇಲ್ಲ. ಅದಕ್ಕೆ ನಾನು ಕೇಳ್ತಾ ಇದ್ದೀನಿ. ಒಂದು ಮಾತು ಬರಿ. ಏನು ಬರೆದರೂ ಸರಿ.

ಶೆಡ್ಡಿನಲ್ಲಿ ನಿನ್ನ ಹಳೇ ಸೈಕಲ್ ಇದೆ. ಎಣ್ಣೆ ಹಾಕಿ ಇಟ್ಟಿದೀನಿ.

ಅಪ್ಪ


ಜೂನ್ ೧೩

ಅಪ್ಪಾ,

ಮೇಷ್ಟ್ರನ್ನು ಉಳಿಸಲು ಹೇಳು. ಕೊಕ್ಕರೆಯನ್ನೂ ಉಳಿದವರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಒಬ್ಬಳು ಅತ್ತಳು, ಆಮೇಲೆ ಹೂಂ ಅಂದಳು.

ಕಲಿತದ್ದು ಕೈಯಲ್ಲಿದೆ. ಕಾಗದದಲ್ಲಿ ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಮಾಡಬೇಕು. ಎಲ್ಲಿ, ಹೇಗೆ, ಗೊತ್ತಿಲ್ಲ.

ಅಮ್ಮ ಊಟ ಮಾಡುತ್ತಿದ್ದಾಳಾ?

ನಿನ್ನ ಮಗಳು


ಜೂನ್ ೨೮

ಮಗಳೇ,

ನಿನ್ನೆ ನಿಮ್ಮ ಕಾಲೇಜಿಗೆ ಬಂದಿದ್ದೆ. ನಿನ್ನನ್ನು ನೋಡದೆ ಹೋದೆ, ಕ್ಷಮಿಸು. ಸಾಕ್ಷಿ ಹೇಳಲು ಬಂದವಳು ಮಗಳ ಜೊತೆ ಕಾಣಿಸಿಕೊಂಡರೆ ಮತ್ತೆ ಮಾತು ಹುಟ್ಟುತ್ತದೆ ಎಂದು ಈ ಸಲ ಮುಂಚೆಯೇ ಯೋಚಿಸಿದೆ. ನೋಡು, ಈ ವಯಸ್ಸಿನಲ್ಲೂ ಕಲಿಯುತ್ತೇನೆ.

ಸಮಿತಿಯ ಕೋಣೆಯಲ್ಲಿ ಉದ್ದ ಮೇಜು. ಆಚೆ ಬದಿಗೆ ಅವರು, ಈಚೆ ನಾನು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ನಾನು ಎತ್ತರದ ಆಳನ್ನು ಊಹಿಸಿಕೊಂಡಿದ್ದೆ. ಕುಳ್ಳಗೆ, ಗುಂಡಗೆ, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡು ಕೂತಿದ್ದಾರೆ!

"ಈ ಪತ್ರ ನಿಮ್ಮದೇನಾ?" ಅಂದರು ಅಧ್ಯಕ್ಷರು.

"ನನ್ನದೇ."

"ಇದರಲ್ಲಿರೋ ಅಧ್ಯಾಪಕರು ಯಾರು?"

"ಯಾರೂ ಇಲ್ಲ. ಅದು ನಾನು ಕಟ್ಟಿದ್ದು."

"ಕಟ್ಟಿದ್ದು ಅಂದ್ರೆ?"

"ಮನಸ್ಸಿನಿಂದ ಹುಟ್ಟಿಸಿದ್ದು ಅಂತ. ಮಗಳು ಕೈ ಕಟ್ಟಿಕೊಂಡು ನಿಲ್ತಾಳೆ ಅನ್ನೋ ಹೊಟ್ಟೆಉರಿ. ಪತ್ರಕ್ಕೆ ಖಾರ ಸಾಲದು ಅನ್ನಿಸ್ತು. ಒಬ್ಬ ಮೇಷ್ಟ್ರನ್ನ ಸೃಷ್ಟಿ ಮಾಡಿ ಗೋಡೆ ಮುಂದೆ ನಿಲ್ಲಿಸಿದೆ."

ಪಕ್ಕದಲ್ಲಿದ್ದ ಒಬ್ಬರು ನಕ್ಕರು. "ಇತಿಹಾಸದ ಟೀಚರಂತೆ ಇವರು! ಮಕ್ಕಳಿಗೂ ಹಿಂಗೇ ಕಟ್ಟಿ ಹೇಳ್ತಿದ್ರೋ ಏನೋ."

ಮಗಳೇ, ಆ ಮಾತಿಗೆ ನನ್ನ ಬಳಿ ಉತ್ತರವಿತ್ತು. ಅವರ ಅಪ್ಪ, ಅಜ್ಜ ಎಲ್ಲರನ್ನೂ ಸೇರಿಸಿ ಉತ್ತರವಿತ್ತು. ನಾಲಿಗೆಯ ತುದಿಗೆ ಬಂದು ಕೂತು ಕುಣಿಯುತ್ತಿತ್ತು. ನುಂಗಿದೆ.

ಬರೆದುಕೊಡಿ ಅಂದರು, ಬರೆದುಕೊಟ್ಟೆ. ಪತ್ರಿಕೆಗೂ ಕಳಿಸುತ್ತಾರಂತೆ. ಸಂಪಾದಕರು ಇನ್ನು ನನ್ನದೊಂದು ಸಾಲನ್ನೂ ಹಾಕುವುದಿಲ್ಲ. ಹಾಕದಿರಲಿ. ಜೀವಮಾನವಿಡೀ ನಿಜ ಬರೆದಾಗ ಅಲುಗದ ಕುರ್ಚಿಗಳು ಒಂದು ಸುಳ್ಳಿಗೆ ತೃಪ್ತಿಯಿಂದ ಎದ್ದು ಕಾಫಿಗೆ ಹೋದವು.

ಹೊರಗೆ ಬಂದು ಮೊಗಸಾಲೆಯಲ್ಲಿ ನೋಟೀಸು ಬೋರ್ಡಿನ ಮುಂದೆ ನಿಂತೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಯಾರೋ ಬಂದು ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು, ಬೋರ್ಡಿನ ಆಚೆಯ ಗೋಡೆಗೆ ಮುಖ ಮಾಡಿ ನಿಂತರು. ತಪ್ಪಿ ಹಾಕಿದ ಗುಂಡಿ ಕಂಡಿತು.

"ಏ ಗೋಡೆ," ಅಂದರು ಮೆಲ್ಲಗೆ, "ನನಗೆ ಗುರುತು ಪರಿಚಯ ಇಲ್ಲದ ಒಬ್ಬ ಟೀಚರ್ ಇದಾರೆ. ಅವರ ಊರಲ್ಲಿ ದನ ಕುದುರೆ ಇದಾವಾ?"

ನಾನು ನನ್ನ ಮುಂದಿನ ಗೋಡೆಗೆ ಹೇಳಿದೆ. "ಇವೆ. ಹಾಲಿನಾಕೆ ಹತ್ರ ಹಸುಗಳಿವೆ. ಸರಕು ಗಾಡಿಯವನ ಹತ್ರ ಕುದುರೆ ಇದೆ."

"ಕಾಲೇಜಿನ ಪ್ರಾಣಿ ಮುಟ್ಟಬಾರದು ಅಂತ ಆದೇಶ. ಊರಿನವರ ಪ್ರಾಣಿ ಕಾಲೇಜಿನದಲ್ಲ. ಒಡೆಯರು ಒಪ್ಪಿದ್ರೆ, ಭಾನುವಾರ ನಾನು ಬರೀ ಡಾಕ್ಟರು. ಡಾಕ್ಟರಿಗೆ ಕೈಯಾಳುಗಳು ಇರ್ತಾರೆ. ಅವರನ್ನ ಯಾರೂ ಏನೂ ಕೇಳಲ್ಲ. ಮೊದಲಿನಿಂದ ಶುರು ಮಾಡಬೇಕು, ಅಷ್ಟೇ."

"ಇದು ನಿಮಗೆ ಮೊದಲೇ ಹೊಳೀಲಿಲ್ವಾ?"

"ಕೊಟ್ಟಿಗೆ ಇದ್ದಾಗ ಯಾರಿಗೆ ಹೊಳೆಯುತ್ತೆ? ಈಗ ಮನೇಲಿ ಕೂರಿಸಿದ್ರಲ್ಲ, ಹೊಳೀತು." ಆಮೇಲೆ, "ಪ್ರಾಣಿ ಕಟ್ಟೋದಕ್ಕೆ ಒಂದು ಗಟ್ಟಿ ಜಾಗ ಬೇಕು" ಅಂದರು.

"ನನ್ನ ಗಂಡಂದು ಪಂಪು ರಿಪೇರಿ ಶೆಡ್ಡಿದೆ. ಗೋಡೇಲಿ ಕಬ್ಬಿಣದ ಬಳೆ ಇದೆ."

"ಗೋಡೆ ಇದೆಯಾ? ಹಾಗಾದ್ರೆ ಸರಿ" ಎಂದು ಹೊರಟುಹೋದರು.

ನಾನು ಅವರ ಕ್ಷಮೆ ಕೇಳಬೇಕಿತ್ತು. ಅವರು ಹೋದ ಮೇಲೆ ಗೋಡೆಯ ಹತ್ತಿರ ಕೇಳಿದೆ.

ನಿನ್ನ ಹತ್ತಿರ ಹೇಗೆ ಕೇಳುವುದೆಂದು ಗೊತ್ತಾಗುತ್ತಿಲ್ಲ. ಭಾನುವಾರ ಬಸ್ಸಿಗೆ ಬನ್ನಿ. ಎಲ್ಲರೂ.

ಅಮ್ಮ


ಜುಲೈ ೧೪

ಅಮ್ಮಾ,

ಮೊನ್ನೆ ನಿನ್ನ ಜೊತೆ ಸರಿಯಾಗಿ ಮಾತಾಡದೆ ಬಂದೆ. ಕೆಲಸವಿತ್ತು ಎನ್ನಬಹುದು. ಅದಲ್ಲ ಎಂದು ನಿನಗೂ ಗೊತ್ತು. ಬಸ್ಸಿನಲ್ಲಿ ಕೂತ ಮೇಲೆ ನನ್ನ ಕಾಲೂ ಹೊಲಿಗೆ ಮಷೀನ್ ತುಳಿಯತೊಡಗಿತು.

ನೀನು ಮನೆಮನೆಗೆ ಹೋಗಿ ಪ್ರಾಣಿ ಕೇಳಿದ್ದನ್ನು ಹಾಲಿನಾಕೆ ಅಭಿನಯಿಸಿ ತೋರಿಸಿದಳು. "ನಿಮ್ಮಮ್ಮ ಬಂದು ಇಷ್ಟು ಮೆತ್ತಗೆ ಮಾತಾಡಿದ್ರು ಅಂದ್ರೆ, ಜ್ವರ ಬಂದಿದೆಯೇನೋ ಅಂದ್ಕೊಂಡೆ. ಆಯ್ತು ಟೀಚರ್, ನನ್ನ ಕೆಂಪಿಗೂ ಒಂದು ಡಿಗ್ರಿ ಕೊಡ್ಸಿ ಅಂದೆ. ನಗಲೇ ಇಲ್ಲ!"

ಮೇಷ್ಟ್ರನ್ನು ಮತ್ತೆ ಕೆಲಸಕ್ಕೆ ಕರೆದುಕೊಂಡಿದ್ದಾರೆ. ಅವರು ಶೆಡ್ಡಿಗೆ ಬಂದವರೇ, ಅಪ್ಪನ ಪಂಪುಗಳನ್ನು ದಾಟಿ, ಸೀದಾ ಹೋಗಿ ಗೋಡೆಗೆ ಮುಖ ಮಾಡಿ ನಿಂತರಲ್ಲ, ನಾವ್ಯಾರೂ ಏನೂ ಹೇಳಲಿಲ್ಲ. ನಮಗೂ ಅದೇ ಅಭ್ಯಾಸವಾಗಿತ್ತು. ಹೇಳಿದವಳು ನೀನು. "ಮೇಷ್ಟ್ರೇ, ಇಲ್ಲಿ ಯಾರೂ ಇಲ್ಲ. ಈ ಕಡೆ ತಿರುಗಿ." ಅವರು ತಿರುಗಿದರು. ನಮ್ಮ ಕೈಗಳನ್ನು ಅವರು ನೋಡಿದ್ದು ಅದೇ ಮೊದಲು. "ಅಯ್ಯೋ, ಇಷ್ಟು ದಿನ ಹಿಂಗಾ ಹಿಡೀತಿದ್ದದ್ದು? ಎಲ್ಲಾ ತಪ್ಪು!" ಎಂದು ತಲೆ ಚಚ್ಚಿಕೊಂಡರು. ಆ ಬೈಗುಳ ಎಷ್ಟು ಚೆನ್ನಾಗಿತ್ತು.

ಮುಂದಿನ ಭಾನುವಾರ ಬರುತ್ತೇವೆ. ನೀನು ಹಗ್ಗ ಹಿಡಿಯಲೇಬೇಕೆಂದೇನಿಲ್ಲ. ನಿನ್ನ ಮುಖ ಹಸುವಿಗಿಂತ ಹೆಚ್ಚು ಹೆದರಿತ್ತು.

ನಿನ್ನ ಮಗಳು


ಅಕ್ಟೋಬರ್ ೧೭

ಅಮ್ಮಾ,

ನಿನ್ನೆ ಪರೀಕ್ಷೆಯ ಹೊತ್ತಿಗೆ ನೀನು ಕೆಂಪಿಯ ಹಗ್ಗ ಹಿಡಿದು ಪಕ್ಕದಲ್ಲೇ ಇದ್ದೆ. ಆದರೂ ಬರೆಯುತ್ತಿದ್ದೇನೆ. ಅಜ್ಜಿ ಮೇಡಂ ಅವರ ಭಾಷೆಯಲ್ಲಿ ಆಡಿದ್ದು ನಿನಗೆ ಅರ್ಥವಾಗಿರಲಿಕ್ಕಿಲ್ಲ. ಅದಾದ ಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ.

ಕೊಕ್ಕರೆ ನನ್ನ ಫೋನನ್ನು ಹಿಡಿದು ನಿಂತಿದ್ದ. ಅದನ್ನು ಆನ್ ಮಾಡಲು ನನಗೆ ಬೆಳಗಿನಿಂದ ಆಗಿರಲಿಲ್ಲ. ಕೊನೆಗೆ ಅಪ್ಪನೇ ಗುಂಡಿ ಒತ್ತಿಕೊಟ್ಟರು. ಪರದೆಯ ಮೇಲೆ ಮೇಡಂ ಕಾಣಿಸಿದರು. ತುಂಬ ಇಳಿದುಹೋಗಿದ್ದಾರೆ. "ಎಡ ಪಕ್ಕೆ" ಅಂದರು. ನಾನು ಕೆಂಪಿಯ ಕುತ್ತಿಗೆಯಿಂದ ಕೈ ಎತ್ತದೆ ಸರಿದು, ಆ ತಗ್ಗಿನಲ್ಲಿ ಮುಷ್ಟಿ ಒತ್ತಿದೆ. ಆಗ ಬಂತಲ್ಲ ಆ ಸದ್ದು, ಅದು ನಮ್ಮ ಬೀದಿಯದಲ್ಲ. ಅಲ್ಲಿಯದು. ಅವರ ಊರಿನ ಎಚ್ಚರಿಕೆಯ ಸೈರನ್ನು.

ನನ್ನ ಕಾಲು ಓಡಲು ಎದ್ದದ್ದು ನಿನಗೆ ಕಂಡಿರಬೇಕು. ಮೇಡಂ ಆಗ ಹೇಳಿದ್ದು ಇಷ್ಟು: "ನೀನು ಕೈ ತೆಗೆಯಬೇಡ. ಓಡಬೇಕಾದವಳು ನಾನು, ನೀನಲ್ಲ. ನೀನು ಮನೆಯಲ್ಲಿದ್ದೀಯ. ನಾನು ಬರುವವರೆಗೂ ಹಾಗೇ ಇರು, ಬಂದ ಮೇಲೆ ಅಲೆ ಹೇಗಿತ್ತು ಹೇಳು."

ಆಮೇಲೆ ಪರದೆಯ ಮೇಲೆ ಬರೀ ಕುರ್ಚಿ.

ನಾವೆಲ್ಲ ಅಲುಗದೆ ನಿಂತೆವು. ಕೊಕ್ಕರೆ ಹಿಡಿದ ಫೋನು ಅಲುಗದಂತೆ ಮೇಷ್ಟ್ರು ಬಂದು ಅವನ ಮೊಣಕೈಗೆ ಕೈ ಆನಿಸಿದರು. ಅಪ್ಪ ಪಂಪು ನಿಲ್ಲಿಸಿದರು. ಅಮ್ಮಾ, ನೀನು ಆ ಖಾಲಿ ಕುರ್ಚಿಯನ್ನು ನೋಡುತ್ತ, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕೆಂಪಿ ಮೂತಿಯಿಂದ ನಿನ್ನ ಸೆರಗು ಎಳೆದರೂ ಅಲುಗದೆ ನಿಂತಿದ್ದೆ. ಕೆಂಪಿ ಹೆದರದೆ ಉಳಿದದ್ದು ಅದಕ್ಕೇ ಎಂದು ಮೇಷ್ಟ್ರು ಆಮೇಲೆ ಹೇಳಿದರು. ನನ್ನ ಮುಷ್ಟಿಯ ಕೆಳಗೆ ಅಲೆ ಬಂತು, ಹೋಯಿತು, ಮತ್ತೆ ಬಂತು. ಅಲ್ಲಿಂದ ಬಂದ ಮೇಲೆ ಮೊದಲ ಸಲ ಆ ಸದ್ದು ಕೇಳಿಯೂ ನಾನು ಓಡದೆ ಒಂದೇ ಕಡೆ ನಿಂತಿದ್ದೆ.

ಮೇಡಂ ತಿರುಗಿ ಬಂದು, ತಲೆಯ ಮೇಲಿನ ಧೂಳು ಕೊಡವಿಕೊಂಡು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ: "ಅಲೆ ಸರಿಯಾಗಿದೆ. ಹಸು ಕ್ಷೇಮ." ಅದಕ್ಕೆ ಅವರು "ನಾನೂ ಕ್ಷೇಮ. ಮುಂದಿನವರನ್ನು ಕರಿ, ಡಾಕ್ಟರ್" ಅಂದರು. ನನ್ನನ್ನು ಹಾಗೆ ಕರೆದರು. ನೀನು ಆಗ ಯಾಕೆ ಅಳುತ್ತೀಯ ಎಂದು ಕೇಳಿದ್ದೆಯಲ್ಲ, ಅದಕ್ಕೆ.

ಕಾಲೇಜಿನ ಆದೇಶ ಹಾಗೇ ಇದೆ. ನಮ್ಮ ಹಿಂದೆ ಬಂದವರು ಇನ್ನೂ ಕೊಟ್ಟಿಗೆಯಲ್ಲಿ ಕೈ ಕಟ್ಟಿ ನಿಂತಿದ್ದಾರೆ. ಭಾನುವಾರ ಅವರನ್ನೂ ಬಸ್ಸಿಗೆ ಹತ್ತಿಸುತ್ತೇನೆ, ಹಾಲಿನಾಕೆಗೆ ಹೇಳಿಡು. ಇದನ್ನು ಪತ್ರಿಕೆಗೆ ಬರೆಯಬೇಡ.

ಫೋನನ್ನು ನಿನ್ನೆಯಿಂದ ಆಫ್ ಮಾಡಿಲ್ಲ. ಈ ಕಾಗದ ತಲುಪಿದ ದಿನ ಫೋನ್ ಮಾಡು. ಮೇ ತಿಂಗಳಿನಿಂದ ನಿನ್ನ ಮೇಲೆ ಒಂದು ದೊಡ್ಡ ಜಗಳ ಉಳಿಸಿಕೊಂಡಿದ್ದೇನೆ. ಬಾಯಿ ತುಂಬ ಆಡೋಣ.

ನಿನ್ನ ಮಗಳು